ಮೂಗ ಇಂಗ್ಲಿಷ್‌ಗೆ ಚೀನಾದಲ್ಲೂ ಒಂದು ಹೆಸರಿದೆ

ಎಂ.ಎ. ಮೊದಲ ದಿನ. ತರಗತಿಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಪರಿಚಯ ಹೇಳಬೇಕಿತ್ತು. ನನ್ನ ಸರದಿ ಹನ್ನೊಂದನೆಯದು. ಮೊದಲ ಹತ್ತು ಮಂದಿ ಮಾತಾಡುವಷ್ಟು ಹೊತ್ತೂ ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸಿ, ಅಳಿಸಿ, ಮತ್ತೆ ಜೋಡಿಸುತ್ತಿದ್ದೆ. ಯಾರು ಏನು ಹೇಳಿದರೆಂದು ಒಂದೂ ಕಿವಿಗೆ ಬೀಳಲಿಲ್ಲ. ಸರದಿ ಬಂತು. ಹೆಸರು ಹೇಳಿದೆ, ‘ಫ್ರಮ್ ಗದಗ್’ ಅಂದೆ, ಕುಳಿತುಬಿಟ್ಟೆ. ಜೋಡಿಸಿಟ್ಟ ಎಂಟು ವಾಕ್ಯಗಳು ಗಂಟಲಲ್ಲೇ ಉಳಿದವು.

ನಗು ಬರುವ ಸಂಗತಿಯೆಂದರೆ, ನಾನು ಸೇರಿದ್ದು ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವುದು ಹೇಗೆ ಎಂದು ಹೇಳಿಕೊಡುವ ಕೋರ್ಸಿಗೆ!

ನಮ್ಮದು ಲಕ್ಷ್ಮೇಶ್ವರದ ಹತ್ತಿರದ ಊರು. ಅಪ್ಪ ನೇಕಾರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ಲಕ್ಷ್ಮೇಶ್ವರದಲ್ಲಿ, ಬಿ.ಎ. ಗದಗಿನಲ್ಲಿ. ಬಿ.ಎ.ದಲ್ಲಿ ಐಚ್ಛಿಕ ಇಂಗ್ಲಿಷ್ ತಗೊಂಡಿದ್ದೆ. ಗೈಡು ಬಾಯಿಪಾಠ ಮಾಡಿ ಶೇಕ್ಸ್‌ಪಿಯರ್ ಮೇಲೆ ಆರು ಪುಟ ಬರೆಯಬಲ್ಲೆ. ಬಸ್ಸಿನಲ್ಲಿ ಪಕ್ಕದವರು ಇಂಗ್ಲಿಷಿನಲ್ಲಿ ಟೈಮ್ ಕೇಳಿದರೆ ಕೈಗಡಿಯಾರ ತೋರಿಸುತ್ತಿದ್ದೆ. ಈ ಪುಟ ಓದುವವರಲ್ಲಿ ನನ್ನಂಥವರು ಎಷ್ಟು ಮಂದಿ ಇದ್ದಾರೆಂದು ನನಗೆ ಗೊತ್ತು. ನಮ್ಮ ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ಕವಿರಾಜಮಾರ್ಗ ಕನ್ನಡದ ತಿರುಳು ಇಲ್ಲಿದೆ ಎಂದು ಗುರುತಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಆ ಹೆಮ್ಮೆ ಭಾಷಣಕ್ಕೆ ಬಹಳ ಚೆನ್ನ. ಆದರೆ ಕೆಲಸದ ಸಂದರ್ಶನದಲ್ಲಿ ಕುಳಿತವರು ಪುಲಿಗೆರೆ ಎಲ್ಲಿದೆ ಎಂದು ಕೇಳುವುದಿಲ್ಲ.

ಎಂ.ಎ.ಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಅರ್ಜಿ ತುಂಬಿದ್ದು ಒಬ್ಬ ಮೇಷ್ಟ್ರ ಒತ್ತಾಯಕ್ಕೆ. ಅದು 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಶುರುವಾಗಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅದರ ಆರಂಭದ ವರ್ಷಗಳಲ್ಲಿ, 1959ರಿಂದ 1966ರವರೆಗೆ, ನಿರ್ದೇಶಕರಾಗಿದ್ದವರು ವಿ.ಕೃ. ಗೋಕಾಕರು ಎಂದು ನನಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ನಮ್ಮೂರಿಗೆ ಹತ್ತಿರದ ಸವಣೂರಿನವರು! 1981ರ ಗೋಕಾಕ್ ವರದಿಯ ಗೋಕಾಕರೇ. ಕನ್ನಡಕ್ಕೆ ಪ್ರಥಮ ಸ್ಥಾನ ಸಿಗಬೇಕೆಂದು ಬರೆದ ಕೈ, ಅದಕ್ಕೂ ಮೊದಲು ದೇಶದ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಸಂಸ್ಥೆಯನ್ನು ನಡೆಸಿತ್ತು. ಇದರಲ್ಲಿ ವಿರೋಧ ಹುಡುಕುವವರು ಹುಡುಕಲಿ, ನನಗಂತೂ ಧೈರ್ಯ ಬಂತು.

ಧೈರ್ಯ ಬಂತು, ಮಾತು ಬರಲಿಲ್ಲ. ಎರಡು ತಿಂಗಳು ಹಿಂದಿನ ಬೆಂಚು. ಎರಡನೇ ಭಾಷೆಯ ಕಲಿಕೆಯ ಬಗ್ಗೆ ಪಾಠ ನಡೆಯುತ್ತಿತ್ತು. ಹೆದರಿಕೆ, ನಾಚಿಕೆ ಹೆಚ್ಚಿದ್ದರೆ ಕಿವಿಗೆ ಬಿದ್ದ ಭಾಷೆಯೂ ಒಳಗೆ ಇಳಿಯುವುದಿಲ್ಲ, ನಡುವೆ ಒಂದು ಜರಡಿ ಇರುತ್ತದೆ ಎಂದು ಸ್ಟೀಫನ್ ಕ್ರಾಶೆನ್ ಎಂಬ ಅಮೆರಿಕದ ವಿದ್ವಾಂಸ ಹೇಳಿದ್ದಾನೆ. ಅದನ್ನು ಅಂದವಾಗಿ ನೋಟ್ಸ್ ಬರೆದುಕೊಂಡೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಂದು ಬದಿಯಲ್ಲಿ ಗುರುತನ್ನೂ ಹಾಕಿದೆ. ಅದು ನನ್ನದೇ ಕಥೆ ಎಂದು ಹೊಳೆಯಲಿಲ್ಲ.

ಆಗ ಸಂಜೆಯ ಚೀನೀ ಭಾಷೆಯ ಸರ್ಟಿಫಿಕೇಟ್ ತರಗತಿಗೆ ಸೇರಿದೆ. ದೊಡ್ಡ ಕಾರಣವೇನೂ ಇರಲಿಲ್ಲ. ರೂಮ್‌ಮೇಟ್ ಹೊರಟಿದ್ದಳು, ನಾನೂ ಹೊರಟೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚೀನಾದವ್ರ ಭಾಷಾ ಕಲ್ತು ಏನ್ ಮಾಡ್ತಿಯವಾ? ಗಡಿಯಾಗ ನಮ್ಮ ಹುಡುಗೂರನ್ನ ಕೊಂದವ್ರ ಅವ್ರು’ ಅಂದ. 2020ರ ಗಾಲ್ವಾನ್ ಆತನ ಮನಸ್ಸಿನಿಂದ ಹೋಗಿರಲಿಲ್ಲ. ನನ್ನ ಬಳಿ ಉತ್ತರ ಇರಲಿಲ್ಲ.

ಚೀನೀ ತರಗತಿಯ ಮೊದಲ ದಿನವೇ ಒಂದು ವಿಚಿತ್ರ ನಡೆಯಿತು. ಕಾನ್ವೆಂಟಿನಲ್ಲಿ ಓದಿದವರು, ದೆಹಲಿಯವರು, ನಾನು, ಎಲ್ಲರೂ ಸೊನ್ನೆ. ‘ಮಾ’ ಎಂಬ ಒಂದೇ ಶಬ್ದವನ್ನು ನಾಲ್ಕು ರಾಗದಲ್ಲಿ ಹೇಳಬೇಕು. ಸಮವಾಗಿ ಎಳೆದರೆ ತಾಯಿ, ಏರಿಸಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬಯ್ಯುವುದು. ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ತಾಯಿಯನ್ನು ಮೂರು ಸಲ ಕುದುರೆ ಮಾಡಿದಳು. ನಾನೂ ಮಾಡಿದೆ. ಎಲ್ಲರೂ ನಕ್ಕೆವು. ತಪ್ಪು ಮಾಡಿ ನಕ್ಕದ್ದು ನನಗೆ ಅದೇ ಮೊದಲು.

ಎರಡನೇ ವಾರ ಇನ್ನೊಂದು. ಚೀನೀ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಎನ್ನುತ್ತಾರೆ. ಅದರಲ್ಲಿ ‘ಬಿ’ ಎಂದು ಬರೆದರೂ ಉಚ್ಚಾರ ‘ಬ’ ಅಲ್ಲ, ನಮ್ಮ ‘ಪ’. ‘ಪಿ’ ಎಂದು ಬರೆದರೆ ಉಸಿರು ಸೇರಿದ ಪ, ಅಂದರೆ ಮಹಾಪ್ರಾಣ. ಹಾಗೆಯೇ ‘ಡಿ’ ಬರೆದರೆ ತ, ‘ಟಿ’ ಬರೆದರೆ ಥ; ‘ಜಿ’ಗೆ ಕ, ‘ಕೆ’ಗೆ ಖ. ಇಂಗ್ಲಿಷ್ ಅಕ್ಷರ ನೋಡಿ ಓದುವವರಿಗೆ ಇದು ತಲೆನೋವು. ನಾನು ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಂಡೆ, ಕ-ಖ, ತ-ಥ, ಪ-ಫ. ಒಂದನೇ ತರಗತಿಯ ಕಾಗುಣಿತವೇ ಕೆಲಸಕ್ಕೆ ಬಂತು. (ಮಾತಿನಲ್ಲಿ ಮಹಾಪ್ರಾಣ ನುಂಗಿ ‘ಬಾಷಣ’, ‘ಕಂಡಿತ’ ಎನ್ನುವ ನಮ್ಮ ಕಡೆಯ ನಾಲಿಗೆಗೆ ಅದೂ ಸಲೀಸಾಗಿರಲಿಲ್ಲ ಅನ್ನಿ.) ಪಕ್ಕದವಳು ನನ್ನ ಪುಸ್ತಕ ನೋಡಿ, ಅದು ಹೇಗೆಂದು ಕೇಳಿದಳು. ವಿವರಿಸಿದೆ. ಹತ್ತು ನಿಮಿಷ ಮಾತಾಡಿದ ಮೇಲೆ ಗೊತ್ತಾಯಿತು, ನಾನು ಇಷ್ಟು ಹೊತ್ತು ಮಾತಾಡಿದ್ದು ಇಂಗ್ಲಿಷಿನಲ್ಲಿ.

ಸಂಬಂಧಗಳ ಪಾಠ ಬಂದಾಗಂತೂ ತರಗತಿಯಲ್ಲಿ ನಾನೇ ಮುಂದೆ. ಇಂಗ್ಲಿಷಿಗೆ ‘ಅಂಕಲ್’ ಎಂಬ ಒಂದೇ ಗೋಣಿಚೀಲ. ಯಾರನ್ನು ಬೇಕಾದರೂ ಅದರಲ್ಲಿ ತುಂಬಬಹುದು. ಚೀನೀಯರಿಗೆ ಅಪ್ಪನ ಅಣ್ಣ ‘ಪೊಪೊ’, ಅಪ್ಪನ ತಮ್ಮ ‘ಷುಷು’, ತಾಯಿಯ ಅಣ್ಣತಮ್ಮಂದಿರು ‘ಚ್ಯುಚ್ಯು’, ಅಪ್ಪನ ಅಕ್ಕತಂಗಿಯರು ‘ಕುಕು’. ನಮ್ಮ ದೊಡ್ಡಪ್ಪ, ಕಾಕಾ, ಸೋದರಮಾವ, ಅತ್ತಿ. ಅಣ್ಣ ಬೇರೆ, ತಮ್ಮ ಬೇರೆ. ಅಕ್ಕ ಬೇರೆ, ತಂಗಿ ಬೇರೆ. ‘ಬ್ರದರ್’ ಎಂದು ಹೇಳಿ ದೊಡ್ಡವನೋ ಸಣ್ಣವನೋ ಎಂದು ಮತ್ತೆ ಕೇಳಿಸಿಕೊಳ್ಳುವ ಗೋಳಿಲ್ಲ. ಒಂದು ಕಡೆ ಮಾತ್ರ ದಾರಿ ಬೇರೆಯಾಗುತ್ತದೆ. ನಮ್ಮಲ್ಲಿ ಸೋದರಮಾವನ ಮಗನನ್ನು ಮದುವೆಯಾಗಬಹುದು. ಚೀನಾದ ಕಾನೂನಿನಲ್ಲಿ ಅಂಥ ಮದುವೆಗೆ ಅವಕಾಶವಿಲ್ಲ. ಇದನ್ನು ಹೇಳಿದಾಗ ಉತ್ತರ ಭಾರತದ ಗೆಳತಿಯರು ಚೀನಾವನ್ನು ಬಿಟ್ಟು ನನ್ನನ್ನೇ ಬೆರಗಿನಿಂದ ನೋಡತೊಡಗಿದರು.

ಇನ್ನು ಚಹಾ. ಗದಗಿನ ಬಸ್ ನಿಲ್ದಾಣದಲ್ಲಿ ನಾವು ಕುಡಿಯುವುದು ‘ಚಾ’. ಚೀನಾದಲ್ಲೂ ಅದು ‘ಛಾ’. ಇಂಗ್ಲಿಷಿನ ‘ಟೀ’ ಚೀನಾದ ದಕ್ಷಿಣ ಕರಾವಳಿಯ ಆಡುಭಾಷೆಯಿಂದ ಹಡಗು ಹತ್ತಿ ಹೋದ ಶಬ್ದ. ‘ಚಾ’ ಅನ್ನುವುದು ಹಳ್ಳಿ ಭಾಷೆ ಎಂದು ಕಾಲೇಜಿನಲ್ಲಿ ನಾಚಿಕೊಂಡು ‘ಟೀ’ ಅನ್ನುತ್ತಿದ್ದೆನಲ್ಲ! ಎದುರಿಗೆ ಸಿಕ್ಕವರನ್ನು ‘ಊಟ ಆತೇನ್ರಿ?’ ಎಂದು ಕೇಳುವ ನಮ್ಮ ಪದ್ಧತಿಯೂ ಅಲ್ಲಿದೆ. ‘ಛ್ರ ಲ ಮಾ?’, ಅಂದರೆ ತಿಂದಾಯಿತೇ? ಹಳೆಯ ತಲೆಮಾರಿನವರು ಭೇಟಿಯಾದಾಗ ಹೀಗೇ ಮಾತು ಶುರು ಮಾಡುತ್ತಾರೆ. ಇದಕ್ಕೆ ನಿಜವಾದ ಉತ್ತರ ಯಾರೂ ನಿರೀಕ್ಷಿಸುವುದಿಲ್ಲ ಎಂಬುದೂ ನಮ್ಮ ಹಾಗೆಯೇ.

ಮೂರನೇ ಸೆಮಿಸ್ಟರಿನಲ್ಲಿ ಭಾಷಾ ವಿನಿಮಯಕ್ಕೆ ಒಬ್ಬ ಜೊತೆಗಾತಿ ಸಿಕ್ಕಳು. ಚೀನಾದ ಹೆನಾನ್ ಪ್ರಾಂತ್ಯದವಳು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದುತ್ತಿದ್ದಳು. ಅವರೆಲ್ಲ ಬಳಸುವ ವೀಚಾಟ್ ನಮ್ಮಲ್ಲಿ 2020ರ ಜೂನ್‌ನಿಂದ ನಿಷೇಧ. ಹಾಗಾಗಿ ಈಮೇಲಿನಲ್ಲಿ ಸಮಯ ಗೊತ್ತು ಮಾಡಿಕೊಂಡು ವಾರಕ್ಕೊಮ್ಮೆ ವಿಡಿಯೊ ಕರೆ. ಅರ್ಧ ಗಂಟೆ ಇಂಗ್ಲಿಷ್, ಅರ್ಧ ಗಂಟೆ ಚೀನೀ ಎಂದು ಒಪ್ಪಂದ. ಮೊದಲ ದಿನ ಇಬ್ಬರೂ ಸುಮ್ಮನೆ ಕುಳಿತಿದ್ದೆವು. ಅವಳು ಪರದೆಯ ಮೇಲೆ ಟೈಪ್ ಮಾಡತೊಡಗಿದಳು. ಬರೆಹದಲ್ಲಿ ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು. ‘ಮಾತಾಡು’ ಅಂದೆ. ಅವಳು ಬರೆದಳು: ‘ನನಗೆ ಯಾಬಾ ಯಿಂಗ್‌ಯು ಇದೆ.’

ಯಾಬಾ ಅಂದರೆ ಮೂಗ. ಯಿಂಗ್‌ಯು ಅಂದರೆ ಇಂಗ್ಲಿಷ್. ಮೂಗ ಇಂಗ್ಲಿಷ್! ಓದಲು ಬರುತ್ತದೆ, ಬರೆಯಲು ಬರುತ್ತದೆ, ಬಾಯಿ ಮಾತ್ರ ಬಿಡಲಾಗುವುದಿಲ್ಲ. ಅದಕ್ಕೆ ಚೀನಾದಲ್ಲಿ ಒಂದು ಹೆಸರೇ ಇದೆ, ಮನೆಮಾತಿನ ಹೆಸರು. ಅಲ್ಲಿ 2001ರ ನೀತಿಯಂತೆ ಮೂರನೇ ತರಗತಿಯಿಂದ ಇಂಗ್ಲಿಷ್ ಕಲಿಸುತ್ತಾರೆ. ಕಾಲೇಜು ಪ್ರವೇಶದ ‘ಕಾವ್‌ಖಾವ್’ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 750ಕ್ಕೆ 150 ಅಂಕ ಇಂಗ್ಲಿಷಿಗೆ. ಅಂಕ ಬರುತ್ತದೆ, ಮಾತು ಬರುವುದಿಲ್ಲ. ಇದನ್ನು ಬಿಡಿಸಲೆಂದೇ ಲಿ ಯಾಂಗ್ ಎಂಬುವನು ಸಾವಿರಾರು ಜನರನ್ನು ಮೈದಾನದಲ್ಲಿ ನಿಲ್ಲಿಸಿ ಇಂಗ್ಲಿಷ್ ವಾಕ್ಯಗಳನ್ನು ಕಿರುಚಿಸುತ್ತಿದ್ದ. ‘ಕ್ರೇಜಿ ಇಂಗ್ಲಿಷ್’ ಎಂದೇ ಅದಕ್ಕೆ ಹೆಸರು. ಕಿರುಚಿದವರಿಗೆಲ್ಲ ಮಾತು ಬಂತೆಂದು ನನಗನ್ನಿಸುವುದಿಲ್ಲ. ಆದರೆ ನಾನು ಇಪ್ಪತ್ತೆರಡು ವರ್ಷ ನನ್ನೊಬ್ಬಳದೇ ಅವಮಾನ, ಹಳ್ಳಿಯವಳಾಗಿದ್ದಕ್ಕೆ, ನೇಕಾರನ ಮಗಳಾಗಿದ್ದಕ್ಕೆ, ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೆ ಬಂದದ್ದು ಎಂದುಕೊಂಡಿದ್ದ ಒಂದು ಸಂಗತಿ, ಕೋಟ್ಯಂತರ ಮಂದಿಗೆ ಇರುವ ನೆಗಡಿಯಂಥದ್ದು ಎಂದು ಆ ರಾತ್ರಿ ತಿಳಿಯಿತು. ‘ನನಗೂ ಇದೆ’ ಎಂದು ಬಾಯಿ ಬಿಟ್ಟು ಹೇಳಿದೆ. ಅವಳು ನಕ್ಕಳು. ಅಲ್ಲಿಂದ ಮಾತು ಶುರು.

ಅವಳು ‘ಷಿ’ ಅನ್ನಬೇಕಾದಲ್ಲಿ ‘ಹಿ’ ಅನ್ನುತ್ತಿದ್ದಳು. ಅಮ್ಮನ ಬಗ್ಗೆ ಹೇಳುವಾಗಲೂ ‘ಹಿ’. ಚೀನೀ ಮಾತಿನಲ್ಲಿ ಅವನು, ಅವಳು ಎರಡಕ್ಕೂ ‘ಥಾ’ ಒಂದೇ. ನಾನು ‘ಐ ಆ್ಯಮ್ ಹ್ಯಾವಿಂಗ್ ಒನ್ ಬ್ರದರ್’ ಅನ್ನುತ್ತಿದ್ದೆ. ಕಲಿಯುವವನ ತಪ್ಪುಗಳಿಗೂ ಒಂದು ವ್ಯವಸ್ಥೆ ಇರುತ್ತದೆ, ಅದು ಎರಡು ಭಾಷೆಗಳ ನಡುವಿನ ಮೂರನೇ ಭಾಷೆ ಎಂದು ಲ್ಯಾರಿ ಸೆಲಿಂಕರ್ 1972ರಲ್ಲೇ ಬರೆದಿದ್ದ. ನೋಟ್ಸಿನಲ್ಲಿ ಇದ್ದದ್ದು ಈಗ ಕಣ್ಣೆದುರಿಗೇ ನಡೆಯುತ್ತಿತ್ತು.

ನಿನ್ನೂರು ಎಲ್ಲಿ ಎಂದು ಕೇಳಿದಳು. ಗದಗ ಅಂದರೆ ಹೇಗೆ ತಿಳಿಯಬೇಕು? ಗದಗಿನಿಂದ ರೈಲು ಹತ್ತಿದರೆ ವಿಜಯಪುರ ದಾಟಿ ಸೊಲ್ಲಾಪುರ ಎಂದೆ. ಸೊಲ್ಲಾಪುರ ಡಾ. ಕೋಟ್ನಿಸರ ಊರು ಎಂದೆ. ಅವಳು ತಟ್ಟನೆ ‘ಖ ತಿಹ್ವಾ!’ ಅಂದಳು. ದ್ವಾರಕಾನಾಥ ಕೋಟ್ನಿಸರ ಚೀನೀ ಹೆಸರು ಅದು. 1938ರಲ್ಲಿ ಯುದ್ಧದಲ್ಲಿ ಗಾಯಗೊಂಡವರ ಚಿಕಿತ್ಸೆಗೆಂದು ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಚೀನೀ ಕಲಿತು, ಅಲ್ಲಿಯವಳನ್ನೇ ಮದುವೆಯಾಗಿ, 1942ರಲ್ಲಿ 32ನೇ ವಯಸ್ಸಿಗೇ ತೀರಿಕೊಂಡರು. ನಮ್ಮ ಎಂ.ಎ. ತರಗತಿಯಲ್ಲಿ ನಾನು ಕೇಳಿದವರಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ.

ಇನ್ನೊಂದು ದಿನ ಪುಲಿಕೇಶಿ ಬಂದ. ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಕ್ರಿ.ಶ. 641ರ ಸುಮಾರಿಗೆ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಂದಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಯಾತ್ರಿಕ ಅವಳ ಹೆನಾನ್ ಪ್ರಾಂತ್ಯದವನೇ. ಅವಳ ಬಾಯಲ್ಲಿ ಅವನು ಶ್ವೆನ್ ತ್ಸಾಂಗ್. ನಮ್ಮ ಪಠ್ಯಪುಸ್ತಕದ ಹೆಸರು ಇಂಗ್ಲಿಷರು ತಮಗೆ ಕೇಳಿದಂತೆ ಬರೆದುಕೊಂಡದ್ದು. ಅವನ ಗ್ರಂಥವನ್ನು 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಇಂಗ್ಲಿಷಿಗೆ ತಂದ. ಆ ಬಗೆಯ ಅನುವಾದಗಳಿಂದ ನಮ್ಮ ಇತಿಹಾಸದ ಪುಸ್ತಕಗಳಿಗೆ ಬಂತು. ಬಾದಾಮಿ ನಮ್ಮ ಗದಗಿಗೆ ಎರಡು ತಾಸಿನ ದಾರಿ; ಆದರೆ ಅಲ್ಲಿಯ ದೊರೆಯ ಬಗ್ಗೆ ಚೀನೀಯನೊಬ್ಬ ಬರೆದದ್ದು ನಮಗೆ ಮುಟ್ಟಿದ್ದು ಲಂಡನ್ನಿನ ದಾರಿಯಿಂದ. ಯು.ಆರ್. ಅನಂತಮೂರ್ತಿಯವರ ‘ದಾವ್ ದ ಜಿಂಗ್’ ಕೂಡ ಇಂಗ್ಲಿಷ್ ಅನುವಾದಗಳ ನೆರವಿನಿಂದ ಕನ್ನಡಕ್ಕೆ ಬಂದದ್ದೇ. ಚೀನೀ ಕಲಿತು ನೇರವಾಗಿ ಕನ್ನಡಕ್ಕೆ ತರುವವರು ನಮ್ಮಲ್ಲಿ ಇನ್ನೂ ಬೇಕಾಗಿದ್ದಾರೆ. ಮೂಲದಲ್ಲಿ ರಾಜನ ಹೆಸರು ಹೇಗಿದೆ, ಓದು ಎಂದೆ. ಅವಳು ಹುಡುಕಿ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಓದಿದಳು: ‘ಪು… ಲ್ವೊ… ಚಿ… ಷ…’ ಯಾರಿದು ಎಂದು ಅವಳು ಕೇಳುತ್ತಿದ್ದಳು. ನನಗೆ ಮೈ ಜುಮ್ ಅಂದಿತ್ತು.

ಮುಂದಿನದನ್ನು ಬೇಗ ಹೇಳುತ್ತೇನೆ. ಎಂ.ಎ. ಮುಗಿಯಿತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಚೀನೀ ಬಲ್ಲವರು ಬೇಕೆಂದು ಗೊತ್ತಾಗಿ ಹೋದೆ, ಕೆಲಸ ಸಿಗಲಿಲ್ಲ. ಅದು ಅವರ ತಪ್ಪಲ್ಲ. ಚೀನೀ ಭಾಷೆಗೆ ಎಚ್‌ಎಸ್‌ಕೆ ಎಂಬ ಪರೀಕ್ಷೆ ಇದೆ. ನಾವು ಕಲಿತ ಆರು ಹಂತದ ಪದ್ಧತಿಯಲ್ಲಿ ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1,200, ಐದಕ್ಕೆ 2,500, ಆರಕ್ಕೆ 5,000. ಅವರಿಗೆ ಐದನೇ ಹಂತದವರು ಬೇಕಿತ್ತು. ನನ್ನದು ಎರಡು. ‘ಮೂರು ತಿಂಗಳಲ್ಲಿ ಮ್ಯಾಂಡರಿನ್, ಕೈತುಂಬ ಸಂಬಳ’ ಎಂಬ ಜಾಹೀರಾತು ನೋಡಿ ದುಡ್ಡು ಕಟ್ಟಲು ಹೊರಟವರು ಈ ಅಂಕಿಗಳನ್ನು ಒಮ್ಮೆ ನೋಡಿಕೊಳ್ಳಿ. ನಿಜವಾಗಿ ಈ ದಾರಿ ಹಿಡಿಯಬೇಕೆಂದರೆ ಪೂರ್ಣಾವಧಿ ಪದವಿಯೇ ಬೇಕು. ದೆಹಲಿಯ ಜೆಎನ್‌ಯುನಲ್ಲಿ ಚೀನೀ ಬಿ.ಎ. ಇದೆ. ಬನಾರಸ್‌ನಲ್ಲಿ ಕಲಿಸುತ್ತಾರೆ. ಶಾಂತಿನಿಕೇತನದ ಚೀನಾ ಭವನ 1937ರಿಂದ ಇದೆ. ನಮ್ಮ ಜಿಲ್ಲೆಯಿಂದ ಅಲ್ಲಿಗೆ ಹೋದವರನ್ನು ನಾನಿನ್ನೂ ಕಂಡಿಲ್ಲ. ಎರಡು ದೇಶಗಳ ಜಗಳದ ಬಿಸಿಯೂ ತಟ್ಟುತ್ತದೆ, ಮರೆಯಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಉದಾಹರಣೆಯಲ್ಲಿ ಕೊರಿಯನ್, ಜಪಾನಿ, ಥಾಯ್ ಇವೆ, ಚೀನೀ ಇಲ್ಲ. ನೇರ ವಿಮಾನಗಳು ಐದು ವರ್ಷ ನಿಂತು, 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾದವು. ನೌಕರಿಯ ಲೆಕ್ಕ ಹಾಕುವವರು ಇದೆಲ್ಲವನ್ನೂ ಹಾಕಬೇಕು.

ಆ ಸಂದರ್ಶನದಿಂದ ಹೊರಬಂದು ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು. ಮೂವರ ಎದುರು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದ್ದೆ. ಒಂದು ವಾಕ್ಯವನ್ನೂ ಮೊದಲೇ ಜೋಡಿಸಿಟ್ಟುಕೊಂಡಿರಲಿಲ್ಲ.

ಊರಿಗೆ ಬಂದ ವಾರ ಅಪ್ಪನ ಜೊತೆ ಬೆಟಗೇರಿಯ ನೂಲಿನ ಅಂಗಡಿಗೆ ಹೋಗಿದ್ದೆ. ಸೆರಗಿಗೆ ರೇಷ್ಮೆ ಬೇಕಿತ್ತು. ಮೂಲೆಯಲ್ಲಿ ಬಿಚ್ಚಿದ ಒಂದು ಕಟ್ಟು ಇತ್ತು, ಚೈನಾ ಮಾಲು. ಅಪ್ಪ ಇಷ್ಟು ವರ್ಷ ಆ ಕಟ್ಟುಗಳ ಮೇಲೆ ಓದುತ್ತಿದ್ದದ್ದು ‘20/22’ ಎಂಬ ಎಳೆಯ ನಂಬರ್ ಒಂದನ್ನೇ. ನನ್ನ ಕಡೆ ನೋಡಿ, ‘ಏನ್ ಬರದಾರವಾ ಇದರ ಮ್ಯಾಲೆ?’ ಅಂದ. ಬಗ್ಗಿ ನೋಡಿದೆ. ದೊಡ್ಡದಾಗಿ ಎರಡು ಅಕ್ಷರ. ಮೊದಲನೆಯದು ‘ಶಂಗ್’. ‘ವಿದ್ಯಾರ್ಥಿ’ ಎಂಬ ಪದದಲ್ಲಿ, ಮೊದಲ ಪಾಠದಲ್ಲೇ ಕಲಿತದ್ದು. ಹುಟ್ಟು, ಜೀವ ಎಂಬ ಅರ್ಥವೂ ಇದೆ, ಹಸಿ, ಬೇಯಿಸದ್ದು ಎಂಬುದೂ ಇದೆ. ಎರಡನೆಯದು ‘ಸಿ’, ರೇಷ್ಮೆ. ‘ಹಸಿ ರೇಷ್ಮಿ ಅಂತ ಬರದಾರಪ್ಪ. ಕಾಸಿ ಬಣ್ಣಾ ಹಾಕ್ಲಾರದ್ದು.’

‘ಖರೇನs?’ ಎಂದು ಅಪ್ಪ ಚೀಟಿಯ ಮೇಲೆ ಬೆರಳಾಡಿಸಿದ. ಅಂಗಡಿಯ ಸಾಹುಕಾರರು ಕನ್ನಡಕ ಏರಿಸಿ, ‘ನಿಮ್ಮ ಮಗಳು ಚೈನಾ ಓದತಾಳೇನ್ರಿ?’ ಎಂದು ಕೇಳಿದರು. ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ‘ಸ್ವಲ್ಪ ಸ್ವಲ್ಪ ಬರತೈತ್ರಿ’ ಅಂದ. ಅವತ್ತು ರೇಷ್ಮೆ ಮಾತ್ರ ರಾಮನಗರದ್ದನ್ನೇ ಕೊಂಡ.

ಈಗ ಶನಿವಾರ ಶಿರಹಟ್ಟಿಯಲ್ಲಿ, ಭಾನುವಾರ ಮುಂಡರಗಿಯಲ್ಲಿ ಪದವಿ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಮಾತಾಡುವ ತರಗತಿ ನಡೆಸುತ್ತೇನೆ. ಕಲಿಸುವ ಕ್ರಮ ನನ್ನದಲ್ಲ. ಎನ್.ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠ ಬಿಟ್ಟು, ಮಕ್ಕಳಿಗೆ ನಕ್ಷೆ, ರೈಲಿನ ವೇಳಾಪಟ್ಟಿ ಕೊಟ್ಟು ಸಮಸ್ಯೆ ಬಿಡಿಸಲು ಹೇಳುವುದು. ಬಿಡಿಸುವ ಗದ್ದಲದಲ್ಲಿ ಭಾಷೆ ತಾನಾಗಿ ಬರಲಿ ಎಂಬ ಲೆಕ್ಕ. ಜಗತ್ತು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಕರೆಯುತ್ತದೆ. ಮುಂದೆ ಹಲವರು ಬೆಳೆಸಿದ ಈ ಟಾಸ್ಕ್ ಪದ್ಧತಿಯನ್ನು 2001ರಲ್ಲಿ ಚೀನಾ ತನ್ನ ಶಾಲೆಗಳ ಇಂಗ್ಲಿಷ್ ಪಠ್ಯಕ್ರಮಕ್ಕೆ ಶಿಫಾರಸು ಮಾಡಿತು. ನನ್ನ ಹೆನಾನಿನ ಗೆಳತಿಗೆ ಇದರ ಮೂಲ ಬೆಂಗಳೂರಿನಲ್ಲಿದೆ ಎಂದರೆ ನಂಬಲೇ ಇಲ್ಲ. ಗದಗಿನಲ್ಲಿ ಬಿ.ಎ. ಓದುವಾಗ ನನಗೂ ಯಾರೂ ಹೇಳಿರಲಿಲ್ಲ.

ಹೋದ ಭಾನುವಾರ ಮುಂಡರಗಿಯಲ್ಲಿ ಗದಗ ಜಂಕ್ಷನ್ನಿನ ವೇಳಾಪಟ್ಟಿಯನ್ನೇ ಬೋರ್ಡಿನ ಮೇಲೆ ಬರೆದೆ. ಒಬ್ಬ ಹುಬ್ಬಳ್ಳಿಯಿಂದ ಬಂದು ಗದಗಿನಲ್ಲಿ ಇಳಿದು, ಸೊಲ್ಲಾಪುರದ ರೈಲು ಹಿಡಿಯಬೇಕು, ನಡುವೆ ಬೆಟಗೇರಿಗೆ ಹೋಗಿ ಅತ್ತಿಯನ್ನು ಮಾತಾಡಿಸಿಕೊಂಡು ಬರಬೇಕು. ಆಗುತ್ತದೋ ಇಲ್ಲವೋ? ಒಬ್ಬ ಹುಡುಗ ಆಗುತ್ತದೆ ಎಂದ. ಎಂಟು ವಾರದಿಂದ ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕುಳಿತಿದ್ದ ಹುಡುಗಿ ಎದ್ದು ನಿಂತಳು. ‘ನೋ ಮೇಡಂ! ಆಂಟಿ ಗಿವ್ ಟೀ. ಆಂಟಿ ಗಿವ್ ಊಟ. ಹಿ ಈಟಿಂಗ್, ಈಟಿಂಗ್… ಟ್ರೇನ್ ಗೋ!’

ಎಲ್ಲರೂ ನಕ್ಕರು, ಅವಳೂ ನಕ್ಕಳು. ನಾನು ತಿದ್ದಲಿಲ್ಲ. ‘ಹಾಗಾದರೆ ಅವನು ಅತ್ತಿ ಮನೆಗೆ ಹೋಗಲೇಬಾರದೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಇನ್ನೂ ನಿಂತೇ ಇದ್ದಳು, ಉತ್ತರ ಹುಡುಕುತ್ತ.